ಸೀಟ್ ಪೋಸ್ಟ್ ಬದಲಾಯಿಸಿದ್ರೆ ಕೈ ಜೋಮು, ಸೊಂಟ ನೋವು ಹೋಗತ್ತಾ? ಸೆಟ್‌ಬ್ಯಾಕ್, ಕಾರ್ಬನ್, ಸಸ್ಪೆನ್ಷನ್, ಯಾವ್ದು ತಗೊಳ್ಳಿ?

ಕಪಿಲಾತೀರ
ಎಲ್ರಿಗೂ ನಮಸ್ಕಾರ. ಮೈಸೂರಿಂದ ನಂಜನಗೂಡು ಕಡೆ, ಕೆಲವು ಸಲ ಟಿ. ನರಸೀಪುರದ ತನಕ ಭಾನುವಾರ ಸೈಕಲ್ ಹೊಡೀತೀನಿ. ಗ್ರಾವೆಲ್ ಬೈಕು (ಮಣ್ಣುರಸ್ತೆಗೂ ಆಗೋ ಸೈಕಲ್ಲು), ಅಲ್ಯೂಮಿನಿಯಂ ಫ್ರೇಮು, ಸೀಟ್ ಪೋಸ್ಟೂ (ಸ್ಯಾಡಲ್, ಅಂದ್ರೆ ಸೀಟನ್ನ ಹಿಡಿದಿರೋ ಕಂಬ) ಅಲ್ಯೂಮಿನಿಯಂ, 27.2 ಎಂ.ಎಂ. ದಪ್ಪ, ಸೆಟ್‌ಬ್ಯಾಕ್ ಇಲ್ಲ, ಅಂದ್ರೆ ತಲೆ ಹಿಂದಕ್ಕೆ ಬಾಗಿಲ್ಲ, ನೆಟ್ಟಗಿರೋದು. ಹ್ಯಾಂಡಲ್ ದೂರ ಅನ್ಸತ್ತೆ ಅಂತ ಅಂಗಡಿಯವ್ರು ಸ್ಯಾಡಲನ್ನ ಪೂರ್ತಿ ಮುಂದಕ್ಕೆ ತಳ್ಳಿ ಟೈಟ್ ಮಾಡಿ ಕೊಟ್ಟಿದ್ದಾರೆ.

ತೊಂದ್ರೆ ಏನಂದ್ರೆ 40 ಕಿ.ಮೀ. ದಾಟ್ತಿದ್ದ ಹಾಗೆ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿಯತ್ತೆ, ಆಮೇಲೆ ಸೊಂಟ ಹಿಡ್ಕೊಳತ್ತೆ, ಮನೆಗೆ ಬಂದ್ಮೇಲೆ ಮಂಡಿ ಮುಂಭಾಗದಲ್ಲೂ ಸಣ್ಣಗೆ ನೋವು. ಒಬ್ರು ಕಾರ್ಬನ್ ಪೋಸ್ಟ್ ಹಾಕ್ಸು ಎಲ್ಲಾ ಸರಿಹೋಗತ್ತೆ ಅಂತಾರೆ, ಇನ್ನೊಬ್ರು ಸ್ಪ್ರಿಂಗ್ ಇರೋ ಸಸ್ಪೆನ್ಷನ್ ಪೋಸ್ಟೇ ಬೇಕು ಅಂತಾರೆ. ದುಡ್ಡು ಸುರಿಯೋ ಮುಂಚೆ ಗೊತ್ತಿರೋರ ಹತ್ರ ಕೇಳೋಣ ಅಂತ ಹಾಕ್ತಿದ್ದೀನಿ. ತೂಕ 68 ಕೆ.ಜಿ., ಟೈರು 38 ಎಂ.ಎಂ. ಅಗಲ, ಗಾಳಿ ಒತ್ತಡ 60 ಪಿಎಸ್ಐ.

ಗಾಳಿಗೆದುರು
38 ಟೈರಿಗೆ 60 ಪಿಎಸ್ಐ?? ಮೊದ್ಲು ಗಾಳಿ ಇಳ್ಸಿ ಗುರು.

ಬ್ರೆವೆಬಸವ
ಗಾಳಿಗೆದುರು ಹೇಳಿದ್ದು ಸರಿ. 68 ಕೆ.ಜಿ.ಗೆ 38 ಟೈರಲ್ಲಿ 35ರಿಂದ 40 ಸಾಕು, ಹಿಂದೆ ಮುಂದಕ್ಕಿಂತ ಎರಡ್ಮೂರು ಜಾಸ್ತಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆದ್ರೆ ನಿಮ್ಮ ಅಸಲಿ ಸಮಸ್ಯೆ ಗಾಳಿದಲ್ಲ, ಕೂತಿರೋ ಜಾಗದ್ದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸೀಟ್ ಪೋಸ್ಟ್ ಅಂದ ತಕ್ಷಣ ಎಲ್ರೂ ಮೆತ್ತಗಿರೋದು ಯಾವ್ದು ಅಂತ ಕೇಳ್ತಾರೆ, ಅದು ನಮ್ಮನ್ನ ಎಲ್ಲಿ ಕೂರಿಸ್ತಿದೆ ಅಂತ ಯಾರೂ ಕೇಳಲ್ಲ. ಪೋಸ್ಟಿನ ಮೊದಲ ಕೆಲಸ ನಮ್ಮ ಕುಂಡಿಯನ್ನ ಕ್ರ್ಯಾಂಕ್ ಅಚ್ಚಿಂದ (ಎರಡೂ ಪೆಡಲ್ ಸುತ್ತೋ ನಡುವಿನ ಅಚ್ಚು) ಇಷ್ಟು ಮೇಲೆ, ಇಷ್ಟು ಹಿಂದೆ ಇಡೋದು. ಕುಲುಕು ಕಮ್ಮಿ ಮಾಡೋದು ಎರಡನೇ ಕೆಲಸ.

ಸ್ಯಾಡಲ್ ಪೂರ್ತಿ ಮುಂದಿದ್ದಾಗ ದೇಹದ ಭಾರ ಪಾದಕ್ಕಿಂತ ಮುಂದಕ್ಕೆ ಬಂದ್ಬಿಡತ್ತೆ, ಆ ಭಾರನ ತಡ್ಕೊಳಕ್ಕೆ ಕೈ ಬಿಟ್ರೆ ಬೇರೆ ಏನೂ ಇಲ್ಲ. ಕಿರುಬೆರಳು, ಉಂಗುರದ ಬೆರಳಿಗೆ ಹೋಗೋ ಅಲ್ನರ್ ನರ ಅಂಗೈ ಬುಡದಲ್ಲಿ ಹಾದು ಹೋಗತ್ತೆ, ಹ್ಯಾಂಡಲ್ ಮೇಲೆ ಅಲ್ಲೇ ಒತ್ತು ಬೀಳೋದು, ಅದಕ್ಕೇ ನಿಮಗೆ ಸರಿಯಾಗಿ ಅವೆರಡೇ ಬೆರಳು ಜೋಮು ಹಿಡೀತಿರೋದು. ಒಂದು ಪರೀಕ್ಷೆ ಮಾಡಿ ನೋಡಿ. ಸಪಾಟು ರಸ್ತೇಲಿ ಹದವಾಗಿ ಪೆಡಲ್ ಮಾಡ್ತಾ ಎರಡೂ ಕೈಯನ್ನ ಹ್ಯಾಂಡಲ್‌ಗೆ ತಾಗಿಯೂ ತಾಗದ ಹಾಗೆ ಒಂದ್ನಿಮಿಷ ಇಟ್ಕೊಳ್ಳಿ. ಮುಂದಕ್ಕೆ ಮುಗ್ಗರಿಸೋ ಹಾಗಾದ್ರೆ ಸ್ಯಾಡಲ್ ಹಿಂದಕ್ಕೆ ಹೋಗ್ಬೇಕು ಅಂತ ಅರ್ಥ. ಟ್ರಾಫಿಕ್ ಇಲ್ದಿರೋ ಕಡೆ ಮಾಡಿ ಮಾತ್ರ.

ಎಂಜಿನಿಯರ್‌ಗೌಡ
ಹಿಂದಕ್ಕೆ ತಳ್ಳಿದ್ರೆ ಹ್ಯಾಂಡಲ್ ಇನ್ನೂ ದೂರ ಆಗತ್ತಲ್ವಾ ಸಾರ್? ಅವ್ರಿಗೆ ಈಗ್ಲೇ ಸೊಂಟ ನೋವು ಅಂತಿದ್ದಾರೆ. ಇನ್ನೂ ಬಗ್ಗಿಸಿ ಕೂರ್ಸಿದ್ರೆ ಹೇಗೆ?

ಬ್ರೆವೆಬಸವ
ದೂರ ಆಗತ್ತೆ, ಖಂಡಿತ. ಅದಕ್ಕೆ ಸ್ಟೆಮ್ ಇರೋದು, ಹ್ಯಾಂಡಲನ್ನ ಮುಂದೆ ಹಿಡಿದಿರೋ ತುಂಡು. ಈಗ 90 ಎಂ.ಎಂ. ಉದ್ದದ್ದು ಇದ್ರೆ 70ದು ಹಾಕ್ಲಿ. ಹ್ಯಾಂಡಲ್ ದೂರ ಇದೆ ಅಂತ ಸ್ಯಾಡಲ್ ಮುಂದೆ ತಳ್ಳೋದು ಅಂದ್ರೆ ಕೈಯ ಸಮಸ್ಯೆಗೆ ಕಾಲಿನ ಅಳತೆ ಕೆಡಿಸಿದ ಹಾಗೆ. ಮೊದ್ಲು ಕಾಲು ಪೆಡಲಿಗೆ ಸ್ಯಾಡಲ್ ಸರಿ ಮಾಡಿ, ಆಮೇಲೆ ಕೈಗೆ ಹ್ಯಾಂಡಲ್ ತಂದು ಕೊಡಿ. ಈ ಕ್ರಮ ತಿರುಗಾಮುರುಗಾ ಆದ್ರೆ ಯಾವ ಪೋಸ್ಟ್ ಹಾಕಿದ್ರೂ ಪ್ರಯೋಜನ ಇಲ್ಲ.

ಸೈಕಲ್‌ಸುಮಕ್ಕ
ಸೊಂಟದ ವಿಷಯಕ್ಕೆ ಒಂದು ಮಾತು. ತುಂಬಾ ಜನಕ್ಕೆ ಸೊಂಟ ಹಿಡಿಯೋದು ಬಗ್ಗೋದ್ರಿಂದಲ್ಲ, ಸ್ಯಾಡಲ್ ಎತ್ತರ ಜಾಸ್ತಿ ಇದ್ದು ಪ್ರತಿ ಪೆಡಲಿಗೂ ಸೊಂಟ ಆ ಕಡೆ ಈ ಕಡೆ ಜಗ್ಗೋದ್ರಿಂದ. ಹಿಂದೆ ಬರೋ ಗೆಳೆಯರಿಗೆ ನೋಡೋಕೆ ಹೇಳಿ, ಸೊಂಟ ಅಲ್ಲಾಡ್ತಿದ್ರೆ ಅಲ್ಲೇ ಉತ್ತರ. ಕಪಿಲಾತೀರ ಅವ್ರೇ, ನಿಮ್ಮ ಒಳಗಾಲು ಅಳತೆ ಎಷ್ಟು, ಸ್ಯಾಡಲ್ ಎತ್ತರ ಎಷ್ಟು?

ಕಪಿಲಾತೀರ
ಈಗಷ್ಟೇ ಗೋಡೆಗೆ ನಿಂತು ಪುಸ್ತಕ ಒತ್ತಿ ಹಿಡಿದು ಅಳೆದೆ ಅಕ್ಕ, ಒಳಗಾಲು 78 ಸೆಂ.ಮೀ. ಕ್ರ್ಯಾಂಕ್ ಅಚ್ಚಿಂದ ಸ್ಯಾಡಲ್ ಮೇಲಕ್ಕೆ ಹತ್ರ ಹತ್ರ 70 ಇದೆ.

ಸೈಕಲ್‌ಸುಮಕ್ಕ
78ನ್ನ 0.883ರಿಂದ ಗುಣಿಸಿದ್ರೆ 68.9 ಬರತ್ತೆ. ಇದು ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಕಾಲದಿಂದ ಬಳಸ್ತಿರೋ ಲೆಕ್ಕ, ವೇದವಾಕ್ಯ ಅಲ್ಲ, ಶುರು ಮಾಡೋಕೆ ಒಂದು ನಂಬರ್ ಅಷ್ಟೇ. ನಿಮ್ದು ಒಂದು ಸೆಂ.ಮೀ. ಮೇಲಿದೆ. ಪೆಡಲ್ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರ್ಬೇಕು ಅನ್ನೋದು ಇನ್ನೊಂದು ದಾರಿ, ಫೋನಲ್ಲಿ ಪಕ್ಕದಿಂದ ವಿಡಿಯೋ ತೆಗೆಸಿ ನೋಡಿ.

ಎತ್ತರ ಜಾಸ್ತಿ ಇದ್ದೂ ಮಂಡಿ ಮುಂಭಾಗ ನೋಯ್ತಿದೆ ಅಂದ್ರೆ ಸ್ಯಾಡಲ್ ಮುಂದೆ ಇರೋದೇ ಕಾರಣ ಅಂತ ನನ್ನ ಅನಿಸಿಕೆ. ಸಾಮಾನ್ಯವಾಗಿ ಎತ್ತರ ಜಾಸ್ತಿ ಆದ್ರೆ ಮಂಡಿ ಹಿಂಭಾಗ ಎಳೆಯತ್ತೆ, ಎತ್ತರ ಕಮ್ಮಿ ಆದ್ರೆ ಇಲ್ಲಾ ಸ್ಯಾಡಲ್ ಮುಂದಾದ್ರೆ ಮುಂಭಾಗ ನೋಯತ್ತೆ.

ಎಂಜಿನಿಯರ್‌ಗೌಡ
ಅಂದ್ರೆ ನಿಮ್ಮಿಬ್ರ ಪ್ರಕಾರ ಪೋಸ್ಟ್ ಬದಲಾಯಿಸೋದೇ ಬೇಡ್ವಾ?

ಬ್ರೆವೆಬಸವ
ಬೇಕಾಗಬಹುದು, ಆದ್ರೆ ಸೆಟ್‌ಬ್ಯಾಕ್ ಸಲುವಾಗಿ. ಮೊದ್ಲು ಈಗಿರೋ ಪೋಸ್ಟಲ್ಲೇ ಸ್ಯಾಡಲನ್ನ ರೈಲಿನ (ಸ್ಯಾಡಲ್ ಕೆಳಗಿರೋ ಎರಡು ಕಂಬಿ) ಮಧ್ಯಕ್ಕೆ ತರ್ಲಿ. ಅಲ್ಲಿಗೂ ಸಾಲದೆ ರೈಲು ಹಿಂದಿನ ತುದಿಗೆ ಬಂತು ಅಂದ್ರೆ ಆಗ 20 ಇಲ್ಲಾ 25 ಎಂ.ಎಂ. ಸೆಟ್‌ಬ್ಯಾಕ್ ಇರೋ ಪೋಸ್ಟ್ ತಗೊಳ್ಲಿ. ಪೋಸ್ಟಿನ ತಲೇಲಿರೋ ಕ್ಲಾಂಪು ರೈಲಿನ ನಡುವೆ ಹಿಡಿದಿದ್ರೆ ರೈಲೂ ಒಂಚೂರು ಬಳುಕತ್ತೆ, ಅದೂ ಒಂದು ಆರಾಮ. ತುದೀಲಿ, ರೈಲು ಬಾಗೋ ಜಾಗದಲ್ಲಿ ಹಿಡಿದ್ರೆ ರೈಲು ಮುರಿಯೋ ಅಪಾಯ ಬೇರೆ.

ಫ್ರೇಮಿನ ಸೀಟ್ ಟ್ಯೂಬು (ಪೋಸ್ಟ್ ಒಳಗೆ ಇಳಿಯೋ ಪೈಪು) ಎಷ್ಟು ಡಿಗ್ರಿ ವಾಲಿದೆ ಅಂತಾನೂ ನೋಡ್ಬೇಕು. 70 ಸೆಂ.ಮೀ. ಎತ್ತರದಲ್ಲಿ ಒಂದು ಡಿಗ್ರಿ ಅಂದ್ರೆ ಸ್ಯಾಡಲ್ ಸುಮಾರು 12 ಎಂ.ಎಂ. ಹಿಂದೆ ಮುಂದೆ ಆಗತ್ತೆ. 73 ಡಿಗ್ರಿ ಫ್ರೇಮಲ್ಲಿ ನೆಟ್ಟಗಿನ ಪೋಸ್ಟ್ ಸರಿಹೋದವ್ರಿಗೆ 75 ಡಿಗ್ರಿ ಫ್ರೇಮಲ್ಲಿ 25 ಸೆಟ್‌ಬ್ಯಾಕ್ ಬೇಕಾಗತ್ತೆ. ಸಣ್ಣ ಸೈಜ್ ಫ್ರೇಮುಗಳಲ್ಲಿ ಈ ಟ್ಯೂಬ್ ಜಾಸ್ತಿ ನೆಟ್ಟಗಿರತ್ತೆ, ಅದಕ್ಕೆ ಕುಳ್ಳಗಿರೋರು ಇದನ್ನ ಲೆಕ್ಕ ಹಾಕ್ಲೇಬೇಕು. ಇನ್ನೊಂದು, ಸ್ಯಾಡಲ್ 20 ಎಂ.ಎಂ. ಹಿಂದೆ ಹೋದ್ರೆ ಕ್ರ್ಯಾಂಕ್ ಅಚ್ಚಿಂದ ದೂರ ಸುಮಾರು 6 ಎಂ.ಎಂ. ಹೆಚ್ಚತ್ತೆ. ಹಿಂದೆ ಸರಿಸಿದ್ಮೇಲೆ ಅಷ್ಟು ಇಳಿಸೋದು ಮರೀಬೇಡಿ.

ಹುಬ್ಬಳ್ಳಿಹುಡ್ಗ
ಬಸವಣ್ಣಾರ ಹೇಳೋದು ಖರೇ ಐತ್ರಿ. ನಮ್ಮ ಕಡೆ ವಿಜಯಪುರ, ಬಾಗಲಕೋಟಿ ಹುಡುಗ್ರು ಸೈಕ್ಲಿಂಗ್‌ನ್ಯಾಗ ಎಷ್ಟ್ ಹೆಸರು ಮಾಡ್ಯಾರಂತ ನಿಮಗ ಗೊತ್ತೈತಿ. ಅವರ ಹಂತ್ಯಾಕ ಹೋಗಿ ನೋಡ್ರಿ, ಸೀಟ್ ಪೋಸ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ ಅಳತಿ ಗುರ್ತು ಮಾಡಿರ್ತಾರ, ಸೈಕಲ್ ಬಿಚ್ಚಿ ಟ್ರೇನಿನ್ಯಾಗ ಹಾಕ್ಕೊಂಡು ಹೋದ್ರೂ ಇಳದ ಮ್ಯಾಲ ಒಂದ್ ಎಂ.ಎಂ. ಆಚೀಚಿ ಆಗಬಾರ್ದು ಅಂತ. ಕಾರ್ಬನ್ ಗೀರ್ಬನ್ ಆಮ್ಯಾಲಿನ ಮಾತ್ರಿ, ಮೊದಲ ಅಳತಿ.

ಟ್ರಯತ್ಲಾನ್‌ತೇಜು
ಎಲ್ಲಾರಿಗೂ ಹಿಂದೆ ಕೂರ್ಸೋದು ಸರಿ ಅಲ್ಲ ಗುರೂ. ಟ್ರಯತ್ಲಾನ್ ಬೈಕಲ್ಲಿ ನಾವು ಬೇಕಂತಲೇ ಮುಂದೆ ಕೂರ್ತೀವಿ, 76–78 ಡಿಗ್ರಿ ಲೆಕ್ಕಕ್ಕೆ, ಆಮೇಲೆ ಓಡ್ಬೇಕಲ್ಲ. ಮುಂದೆ ಕೂತ್ರೆ ಕೈ ನೋಯ್ಲೇಬೇಕು ಅಂತೇನಿಲ್ಲ.

ಸೈಕಲ್‌ಸುಮಕ್ಕ
ತೇಜು, ನೀವು ಮೊಣಕೈ ಊರಿಕೊಂಡು ಏರೋ ಬಾರ್ ಮೇಲೆ ಮಲಗಿರ್ತೀರಿ, ಭಾರ ಮೂಳೆ ಮೇಲೆ ಹೋಗತ್ತೆ. ಅಂಗೈ ಊರಿರೋ ಮನುಷ್ಯನಿಗೆ ಆ ಲೆಕ್ಕ ಹೊಂದಲ್ಲ.

ಟ್ರಯತ್ಲಾನ್‌ತೇಜು
ಒಪ್ದೆ ಅಕ್ಕ.

ನಂದಿನಾಗರಾಜ
ನಂದಿ ಬೆಟ್ಟ ಹತ್ತೋರು ಇದನ್ನ ಗಮನಿಸಿರ್ತೀರಿ, ಕಡಿದಾದ ತಿರುವಲ್ಲಿ ತನ್ನಷ್ಟಕ್ಕೇ ಸ್ಯಾಡಲ್ ಮೂತಿಗೆ ಜರುಗ್ತೀವಿ. 10% ಏರು ಅಂದ್ರೆ ಸೈಕಲ್ 5.7 ಡಿಗ್ರಿ ಹಿಂದಕ್ಕೆ ವಾಲಿದ ಹಾಗೆ, ಅಷ್ಟು ಸೆಟ್‌ಬ್ಯಾಕ್ ಪುಕ್ಕಟೆ ಸೇರ್ಕೊಳತ್ತೆ. ಬರೀ ಬೆಟ್ಟ ಹತ್ತೋಕೇ ಸೈಕಲ್ ಇಟ್ಟಿರೋರಿಗೆ ನೆಟ್ಟಗಿನ ಪೋಸ್ಟೇ ಇಷ್ಟ ಆಗೋದು ಅದಕ್ಕೇ. ನಂಜನಗೂಡು ರಸ್ತೆ ಸಪಾಟು, ಅಲ್ಲಿ ಆ ಮಾತಿಲ್ಲ.

ಎಂಜಿನಿಯರ್‌ಗೌಡ
ಸರಿ, ಕೂರೋ ಜಾಗ ಆಯ್ತು. ಈಗ ಕುಲುಕಿನ ಮಾತಿಗೆ ಬರೋಣ, ಯಾಕಂದ್ರೆ ಇಲ್ಲಿ ಪೋಸ್ಟಿಗೆ ನಿಜವಾಗ್ಲೂ ಬೆಲೆ ಇದೆ, ಅದನ್ನ ನೀವು ಪಕ್ಕಕ್ಕೆ ತಳ್ತಿದ್ದೀರಿ. ಫ್ರೇಮಿಂದ ಹೊರಗೆ ಎಷ್ಟು ಪೋಸ್ಟ್ ಕಾಣತ್ತೋ ಅದರ ಘನಕ್ಕೆ ತಕ್ಕ ಹಾಗೆ ಬಳುಕು ಹೆಚ್ಚತ್ತೆ. 15 ಸೆಂ.ಮೀ. ಬದಲು 20 ಸೆಂ.ಮೀ. ಹೊರಗಿದ್ರೆ ಅದೇ ಪೋಸ್ಟು 2.3 ಪಟ್ಟಿಗಿಂತ ಜಾಸ್ತಿ ಬಳುಕತ್ತೆ, ಬಿದಿರು ಗಳ ಉದ್ದ ಆದಷ್ಟೂ ತೂಗಾಡೋ ಹಾಗೆ. ದಪ್ಪವೂ ಹಾಗೇನೇ. ಗೋಡೆ ದಪ್ಪ ಒಂದೇ ಇಟ್ಕೊಂಡ್ರೆ 27.2ಕ್ಕಿಂತ 31.6ದು ಒಂದೂವರೆ ಪಟ್ಟು ಗಡುಸು. ಅದಕ್ಕೇ ಗ್ರಾವೆಲ್ ಬೈಕಿಗೆ 27.2 ಹಾಕೋದು. ನಿಮ್ದು ಆಗ್ಲೇ 27.2, ಅದೃಷ್ಟ.

ಕಾರ್ಬನ್ ಅಂದ ತಕ್ಷಣ ಬಳುಕತ್ತೆ ಅಂತಲ್ಲ. ನಾರಿನ ಪದರ ಯಾವ ಕೋನದಲ್ಲಿ ಹಾಕಿದ್ದಾರೆ ಅನ್ನೋದ್ರ ಮೇಲೆ ಹೋಗತ್ತೆ. ಕಲ್ಲಿನ ಹಾಗಿರೋ ಕಾರ್ಬನ್ ಪೋಸ್ಟೂ ಇದೆ, ಎರಡು ಪಟ್ಟಿ ಸೀಳಿ ಬಿಲ್ಲಿನ ಹಾಗೆ ಮಾಡಿರೋ ಕ್ಯಾನ್ಯನ್ ಕಂಪನಿಯ ವಿಸಿಎಲ್ಎಸ್ ಥರದ್ದೂ ಇದೆ. ಎರಡಕ್ಕೂ ಕಾರ್ಬನ್ ಅಂತಾನೇ ಹೆಸರು.

ಗಾಳಿಗೆದುರು
ಆ ಲೆಕ್ಕ ಸರಿನೇ, ಆದ್ರೆ ಪೋಸ್ಟ್ ಬಳುಕೋದು ಅಂದ್ರೆ ಕೆಲವೇ ಎಂ.ಎಂ. ಮಾತು. 38 ಟೈರಲ್ಲಿ ಗಾಳಿ ಸರಿ ಇಟ್ರೆ ಅದಕ್ಕಿಂತ ಜಾಸ್ತಿ ಅದೇ ನುಂಗತ್ತೆ, ಅದೂ ಕೈಗೂ ಕುಂಡಿಗೂ ಎರಡಕ್ಕೂ. ಪೋಸ್ಟ್ ಕೈಗೆ ಏನೂ ಮಾಡಲ್ಲ.

ಎಂಜಿನಿಯರ್‌ಗೌಡ
25 ಟೈರಿನ ರೋಡ್ ಬೈಕ್ ಇರೋರಿಗೆ ಆ ಕೆಲವೇ ಎಂ.ಎಂ. ದೊಡ್ಡದು ಸ್ವಾಮಿ. ಎಲ್ರ ಹತ್ರಾನೂ 38 ಹಿಡಿಯೋ ಫ್ರೇಮ್ ಇರಲ್ಲ. ನೂರು ಕಿ.ಮೀ. ಆದ್ಮೇಲೆ ಕಾಂಕ್ರೀಟ್ ರಸ್ತೆ ಜಾಯಿಂಟ್ ಮೇಲೆ ಟಕ್ ಟಕ್ ಟಕ್ ಅಂತ ಬೆನ್ನಿಗೆ ಬಡಿಯೋದನ್ನ ಒಳ್ಳೆ ಪೋಸ್ಟ್ ಮಂಕು ಮಾಡತ್ತೆ, ಇದು ನಾನು ಕೂತು ಅನುಭವಿಸಿರೋದು.

ಉಡುಪಿಉದಯ
ಮಾರಾಯ್ರೆ, ಎಲ್ಲರೂ ಹೊಸ ಪೋಸ್ಟ್ ಹಾಕುವ ಬಗ್ಗೆ ಹೇಳ್ತಾ ಇದ್ದೀರಿ, ಹಳೆಯದು ಹೊರಗೆ ಬರ್ಬೇಕಲ್ಲ ಮೊದಲು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ, ಆರು ತಿಂಗಳು ಬಿಟ್ರೆ ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಫ್ರೇಮಿನ ಒಳಗೆ ಬೆಸೆದು ಹೋಗ್ತದೆ. ಮಲ್ಪೆಯಲ್ಲಿ ನನ್ನ ಪರಿಚಯದವರದ್ದು ಒಂದು, ಸ್ಯಾಡಲ್ ಬಿಚ್ಚಿ ಪೋಸ್ಟಿನ ತಲೆಯನ್ನು ಬೆಂಚ್ ವೈಸಿಗೆ ಕಚ್ಚಿಸಿ ಇಡೀ ಫ್ರೇಮನ್ನು ಹಿಡಿದು ತಿರುಗಿಸಬೇಕಾಯ್ತು. ಬಿಳಿ ಪುಡಿ ಸುರೀತು ಒಳಗಿಂದ. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪೋಸ್ಟ್ ತೆಗೆದು ಒರೆಸಿ ಗ್ರೀಸ್ ಹಚ್ಚಿ ಹಾಕಿ. ತೆಗೆಯುವ ಮೊದಲು ಎತ್ತರಕ್ಕೆ ಟೇಪ್ ಸುತ್ತಿ ಗುರುತು ಮಾಡಿ.

ಬ್ರೆವೆಬಸವ
ಒಂದು ಎಚ್ಚರಿಕೆ ಸೇರಿಸ್ತೀನಿ ಉದಯಣ್ಣ. ಗ್ರೀಸ್ ಲೋಹಕ್ಕೆ ಲೋಹ ಇದ್ದಾಗ ಮಾತ್ರ. ಪೋಸ್ಟ್ ಆಗ್ಲಿ ಫ್ರೇಮ್ ಆಗ್ಲಿ ಕಾರ್ಬನ್ ಇದ್ರೆ ಗ್ರೀಸ್ ಬೇಡ, ಮರಳಿನ ಥರ ತರಿ ಇರೋ ಕಾರ್ಬನ್ ಪೇಸ್ಟ್ ಹಚ್ಬೇಕು. ಆ ತರಿ ಇರೋದ್ರಿಂದ ಕಮ್ಮಿ ಬಿಗಿಗೇ ಪೋಸ್ಟ್ ನಿಲ್ಲತ್ತೆ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು, ಕ್ಲಾಂಪ್ ಮೇಲೆ ಬರೆದಿರ್ತಾರೆ, ಅದನ್ನ ನೋಡಿ. ಜಾರ್ತಿದೆ ಅಂತ ಎಲ್ ಕೀಲಿ ಹಾಕಿ ಜೋರಾಗಿ ತಿರುಗಿಸಿದ್ರೆ ಕಾರ್ಬನ್ ಸೀಳತ್ತೆ, ಸೀಳಿದ್ದು ಹೊರಗೆ ಕಾಣೋದೂ ಇಲ್ಲ. ಹೆಸರು ದಿಕ್ಕಿಲ್ಲದ ಅಗ್ಗದ ಕಾರ್ಬನ್ ಪೋಸ್ಟ್ ಆನ್‌ಲೈನಲ್ಲಿ ಬೇಕಾದಷ್ಟಿದೆ, ಅದರ ಮೇಲೆ ಕೂತ್ಕೊಂಡು 60 ಸ್ಪೀಡಲ್ಲಿ ಇಳಿಜಾರು ಇಳಿಯೋದು ಬೇಡ. ಅದಕ್ಕಿಂತ ಒಳ್ಳೆ ಅಲ್ಯೂಮಿನಿಯಂ ಪೋಸ್ಟ್ ಎಷ್ಟೋ ಮೇಲು.

ಹುಬ್ಬಳ್ಳಿಹುಡ್ಗ
ನಮ್ಮಪ್ಪಾರ ಅಟ್ಲಾಸ್ ಸೈಕಲ್ಲಿಗೆ ಬರೇ ಒಂದ್ ಕಬ್ಬಿಣದ ಪೈಪ್ ಇತ್ತ್ರಿ, ಮ್ಯಾಲ ಚರ್ಮದ ಸೀಟು, ಅದರ ಕೆಳಗ ದಪ್ಪ ದಪ್ಪ ಸುರುಳಿ ಸ್ಪ್ರಿಂಗು. ಜ್ವಾಳದ ಚೀಲ ಹಿಂದ ಕಟ್ಕೊಂಡು ಧಾರವಾಡದಿಂದ ಹಳ್ಳಿಗೆ ಹೊಡೀತಿದ್ರು. ಸಸ್ಪೆನ್ಷನ್ ಪೋಸ್ಟಿನ ಕೆಲಸ ಎಲ್ಲಾ ಆ ಸೀಟ ಮಾಡ್ತಿತ್ತು ಅನ್ರಿ.

ಸೈಕಲ್‌ಸುಮಕ್ಕ
ಅದ್ರಲ್ಲಿ ಕೂರೋ ಭಂಗಿನೂ ಹಾಗೇ ಇತ್ತಲ್ಲ, ಬೆನ್ನು ನೆಟ್ಟಗೆ, ಸೀಟ್ ಟ್ಯೂಬು ಚೆನ್ನಾಗಿ ಹಿಂದಕ್ಕೆ ವಾಲಿರೋದು, ಭಾರ ಪೂರ್ತಿ ಕುಂಡಿ ಮೇಲೆ. ಅದಕ್ಕೆ ಅಗಲ ಸೀಟು, ಸ್ಪ್ರಿಂಗು ಬೇಕಿತ್ತು. ಬಗ್ಗಿ ಕೂತಾಗ ಭಾರ ಕಾಲು ಕೈಗೂ ಹಂಚಿಹೋಗತ್ತೆ, ಆಗ ಅಷ್ಟು ದಪ್ಪ ಸೀಟು ತೊಡೆ ಉಜ್ಜತ್ತೆ ಅಷ್ಟೇ.

ಮಲೆನಾಡ್‌ಮಂಜು
ಸಸ್ಪೆನ್ಷನ್ ಪೋಸ್ಟ್ ಬಗ್ಗೆ ಯಾರೂ ನೆಟ್ಟಗೆ ಹೇಳ್ಲೇ ಇಲ್ಲ. ನಾನು ಬಳಸ್ತಿದ್ದೀನಿ, ಸಕಲೇಶಪುರದ ಒಳರಸ್ತೆಗಳಲ್ಲಿ, ಕುದುರೆಮುಖದ ಕಡೆ. ಎರಡು ಜಾತಿ ಇದೆ. ಒಂದು ಪಿಸ್ಟನ್ ಥರ ನೆಟ್ಟಗೆ ಮೇಲೆ ಕೆಳಗೆ ಹೋಗೋದು, ಅಗ್ಗ, ಆದ್ರೆ ಕೊಂಚ ದಿನಕ್ಕೇ ಪಕ್ಕಕ್ಕೆ ಆಡೋಕೆ ಶುರುವಾಗತ್ತೆ, ಸಣ್ಣ ಕುಲುಕಿಗೆ ಅಲ್ಲಾಡೋದೇ ಇಲ್ಲ. ಇನ್ನೊಂದು ಥಡ್‌ಬಸ್ಟರ್, ರೆಡ್‌ಶಿಫ್ಟ್, ಸನ್‌ಟೂರ್ ಎನ್‌ಸಿಎಕ್ಸ್ ಥರದ ನಾಲ್ಕು ಕೀಲಿನದ್ದು, ಇದು ಗುಂಡಿಗೆ ಬಿದ್ದಾಗ ಸ್ಯಾಡಲನ್ನ ಹಿಂದಕ್ಕೂ ಕೆಳಕ್ಕೂ ಒಟ್ಟಿಗೇ ಒಯ್ಯತ್ತೆ, ಪೆಡಲಿಂದ ದೂರ ಹೆಚ್ಚೇನೂ ಬದಲಾಗಲ್ಲ. ತಗೊಳೋದಾದ್ರೆ ಇದನ್ನೇ ತಗೊಳ್ಳಿ. ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗೋ ರಬ್ಬರೋ ಹಾಕಿಸ್ಬೇಕು, ಕೂತಾಗ್ಲೇ ಒಂಚೂರು ಕೆಳಗೆ ಇಳಿಯತ್ತೆ, ಹಾಗಾಗಿ ಸ್ಯಾಡಲ್ ಎತ್ತರ ಅಳೆಯೋದು ಕೂತ ಮೇಲಿನ ಲೆಕ್ಕಕ್ಕೆ. ಕಾರ್ಬನ್ ಪೋಸ್ಟ್ 200 ಗ್ರಾಂ ಇದ್ರೆ ಇದು ಅರ್ಧ ಕೆ.ಜಿ., ನನಗೆ ಅದು ಲೆಕ್ಕಕ್ಕಿಲ್ಲ. ಕಾಫಿ ತೋಟದ ಪಕ್ಕದ ಕಿತ್ತೋದ ಟಾರ್ ರಸ್ತೇಲಿ ಪೆಡಲ್ ಮೇಲೆ ನಿಲ್ಲದೆ ಕೂತ್ಕೊಂಡೇ ತುಳೀಬಹುದು, ಆ ಸುಖವೇ ಬೇರೆ.

ಸೈಕಲ್‌ಸುಮಕ್ಕ
ಮಂಜು, ಕುಳ್ಳಗಿರೋರಿಗೆ ಒಂದು ತೊಡಕಿದೆ ಅದ್ರಲ್ಲಿ. ಆ ಕೀಲಿನ ಭಾಗಕ್ಕೇ ಫ್ರೇಮಿಗೂ ಸ್ಯಾಡಲಿಗೂ ಮಧ್ಯೆ ಒಳ್ಳೆ ಜಾಗ ಬೇಕು. ನನ್ನ ಸೈಕಲಲ್ಲಿ ಪೋಸ್ಟ್ ಹೊರಗೆ ಕಾಣೋದೇ ಒಂದು ಗೇಣಿಗಿಂತ ಕಮ್ಮಿ, ಪೂರ್ತಿ ಇಳಿಸಿದ್ರೂ ಸ್ಯಾಡಲ್ ಎತ್ತರ ಜಾಸ್ತಿಯೇ ಆಗತ್ತೆ. ನಮ್ಮ ಗುಂಪಿನ ಹೆಣ್ಮಕ್ಕಳಲ್ಲಿ ಸುಮಾರು ಜನಕ್ಕೆ ಇದೇ ಕಥೆ. ಪೋಸ್ಟ್ ಕೊಳ್ಳೋ ಮುಂಚೆ ಸ್ಯಾಡಲ್ ರೈಲಿಂದ ಸೀಟ್ ಕ್ಲಾಂಪ್ ತನಕ ಸ್ಕೇಲ್ ಹಿಡಿದು ಅಳೀರಿ. ಜೊತೆಗೆ ನಮಗೆ ಕೂರೋ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಜಾಸ್ತಿ, ಸ್ಯಾಡಲ್ ಅಗಲ ಸರಿಯಿಲ್ಲದೆ ಪೋಸ್ಟಿಗೆ ದುಡ್ಡು ಹಾಕಿದ್ರೆ ಉಪಯೋಗ ಇಲ್ಲ. ಸೈಕಲ್ ಅಂಗಡೀಲಿ ಇದನ್ನ ಕೇಳೋಕೆ ಹಿಂಜರೀಬೇಡಿ, ಅವ್ರಾಗಿ ಅವ್ರು ಹೇಳೋದು ಅಪರೂಪ.

ಪೆಡಲ್‌ಪ್ರಿಯ
ಬ್ರೂಕ್ಸ್ ಬಿ17 ಚರ್ಮದ ಸ್ಯಾಡಲ್ ಹಾಕೋರಿಗೂ ಒಂದು ಮಾತು. ಅದರ ರೈಲು ಗಿಡ್ಡ, ಹಿಂದಕ್ಕೆ ಹೋಗೋದೇ ಇಲ್ಲ, ನೆಟ್ಟಗಿನ ಪೋಸ್ಟ್ ಮೇಲೆ ಹಾಕಿದ್ರೆ ತುಂಬಾ ಜನಕ್ಕೆ ಮುಂದಾಗತ್ತೆ. ಆ ಸ್ಯಾಡಲಿಗೆ ಸೆಟ್‌ಬ್ಯಾಕ್ ಪೋಸ್ಟ್ ಬೇಕೇ ಬೇಕು.

ಟ್ರಯತ್ಲಾನ್‌ತೇಜು
ಅದೇ ಥರ ಗಿಡ್ಡ ಮೂತಿಯ ಹೊಸ ಸ್ಯಾಡಲ್ ಹಾಕ್ದಾಗ ಮೂತಿಯಿಂದ ಅಳೀಬೇಡಿ. ಸ್ಯಾಡಲ್ 80 ಎಂ.ಎಂ. ಅಗಲ ಆಗೋ ಜಾಗ ಗುರುತು ಹಾಕ್ಕೊಂಡು ಅಲ್ಲಿಂದ ಅಳೀರಿ, ಹಳೇದಕ್ಕೂ ಹೊಸದಕ್ಕೂ ತಾಳೆ ಬರತ್ತೆ.

ಕಪಿಲಾತೀರ
ಇಷ್ಟೊಂದು ಬರೀತೀರಿ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಹೇಳ್ದಂಗೆ ಮಾಡ್ದೆ. ಗಾಳಿ ಹಿಂದೆ 40 ಮುಂದೆ 37. ಸ್ಯಾಡಲ್ ರೈಲಿನ ಮಧ್ಯಕ್ಕೆ, ಎತ್ತರ 69. ಗೆಳೆಯನ ಹತ್ರ 70 ಸ್ಟೆಮ್ ಇತ್ತು, ಹಾಕ್ಕೊಂಡೆ. ಈ ಭಾನುವಾರ ನಂಜನಗೂಡು ದೇವಸ್ಥಾನದ ತನಕ ಹೋಗಿ ಬಂದೆ, ಕೈ ಜೋಮು ಬರ್ಲಿಲ್ಲ, ಸೊಂಟ ಕೊನೇಲಿ ಮಾತ್ರ ಸ್ವಲ್ಪ. ಮಂಡಿ ಬಗ್ಗೆ ಇನ್ನೂ ಎರಡ್ಮೂರು ವಾರ ನೋಡ್ಬೇಕು. ಪೆಡಲ್ ಸಮತಟ್ಟಾಗಿದ್ದಾಗ ಮಂಡಿ ಚಿಪ್ಪಿನ ಕೆಳಗಿಂದ ನಟ್ ಕಟ್ಟಿದ ದಾರ ಬಿಟ್ಟು ನೋಡ್ದೆ, ಪೆಡಲ್ ಅಚ್ಚಿಗಿಂತ ಇನ್ನೂ ಒಂದು ಬೆರಳು ಮುಂದೆ ಬೀಳ್ತಿದೆ. ಸೆಟ್‌ಬ್ಯಾಕ್ ತಗೊಳ್ಳೋದಾ?

ಬ್ರೆವೆಬಸವ
ಆ ದಾರದ ಲೆಕ್ಕನ ಕಣ್ಣುಮುಚ್ಚಿ ನಂಬೋದು ಬೇಡ, ತೊಡೆ ಮೂಳೆ ಉದ್ದ ಒಬ್ಬೊಬ್ರದ್ದು ಒಂದೊಂದು ಥರ. ಕೈ ಹಗುರ ಆಗಿದೆ ಅಂದ್ರೆ ದಿಕ್ಕು ಸರಿ ಇದೆ. ರೈಲಲ್ಲಿ ಇನ್ನೂ ಜಾಗ ಇದೆಯಲ್ಲ, 5 ಎಂ.ಎಂ. ಹಿಂದೆ ಹಾಕಿ ಎರಡು ವಾರ ನೋಡಿ, ಆಮೇಲೆ ಇನ್ನೊಂದು 5. ರೈಲು ಮುಗಿದು ಇನ್ನೂ ಬೇಕು ಅನ್ಸಿದ್ರೆ ಆಗ 27.2ದೇ 20 ಸೆಟ್‌ಬ್ಯಾಕ್ ಅಲ್ಯೂಮಿನಿಯಂ, ತಲೇಲಿ ಎರಡು ಬೋಲ್ಟ್ ಇರೋದು. ಎರಡು ಬೋಲ್ಟ್ ಇದ್ರೆ ಮೂತಿ ಅರ್ಧ ಡಿಗ್ರಿ ಏರಿಸೋದು ಇಳಿಸೋದು ಸುಲಭ, ಒಂದೇ ಬೋಲ್ಟಿನ ಹಲ್ಲು ಹಲ್ಲಿನ ಕ್ಲಾಂಪಲ್ಲಿ ಬೇಕಾದ ಕೋನ ಎರಡು ಹಲ್ಲಿನ ಮಧ್ಯೆ ಸಿಕ್ಕಾಕೊಳತ್ತೆ.

ಮಲೆನಾಡ್‌ಮಂಜು
ಅಷ್ಟಾದ್ಮೇಲೂ ರಸ್ತೆ ಕುಲುಕು ತಡೀಲಿಲ್ಲ ಅಂದ್ರೆ ನನ್ನ ಹತ್ರ ಬನ್ನಿ, ಸಸ್ಪೆನ್ಷನ್ ಪೋಸ್ಟ್ ಒಂದು ದಿನಕ್ಕೆ ಕೊಡ್ತೀನಿ, ಹಾಕ್ಕೊಂಡು ನೋಡಿ ಆಮೇಲೆ ತೀರ್ಮಾನ ಮಾಡಿ.

ಉಡುಪಿಉದಯ
ಉಳಿದವರು ಪೋಸ್ಟ್ ಏರಿಸುವಾಗ ಅದರ ಮೇಲಿನ ಮಿನಿಮಮ್ ಗೆರೆ (ಕಡಿಮೆ ಅಂದ್ರೂ ಇಷ್ಟು ಒಳಗಿರಬೇಕು ಅನ್ನುವ ಗುರುತು) ನೋಡಿ ಆಯ್ತಾ. ಆ ಗೆರೆ ಫ್ರೇಮಿನ ಹೊರಗೆ ಕಾಣ್ಲಿಕ್ಕೇ ಬಾರದು. ಕಂಡ್ರೆ ಫ್ರೇಮ್ ಸೀಟ್ ಟ್ಯೂಬಿನ ಕೊರಳಲ್ಲೇ ಬಿರುಕು ಬಿಡ್ತದೆ. ಟಾಪ್ ಟ್ಯೂಬ್ (ಫ್ರೇಮಿನ ಮೇಲಿನ ಅಡ್ಡ ಪೈಪು) ಸೇರುವ ಜಾಗಕ್ಕಿಂತ ಕೆಳಗೆ ಪೋಸ್ಟ್ ಇಳಿದಿರಬೇಕು.

ಹಳೇಸ್ಟೀಲ್
ನನ್ನದೊಂದು ಪ್ರಶ್ನೆ ಇಲ್ಲೇ ಕೇಳಲಾ? ಹಳೇ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್), ಪೋಸ್ಟ್ ಮೇಲಿನ ನಂಬರು ಅಳಿಸಿಹೋಗಿದೆ. ಅಂಗಡೀಲಿ 27.2 ಹಾಕಿ ನೋಡಿದ್ರು, ಹೋಗ್ಲಿಲ್ಲ. ಸುತ್ತಿಗೇಲಿ ತಟ್ಟಿದ್ರೆ ಹೋಗತ್ತೆ ಅಂತಿದ್ದಾರೆ.

ಎಂಜಿನಿಯರ್‌ಗೌಡ
ತಟ್ಟಿಸ್ಬೇಡಿ! ಹಳೇ ಫ್ರೇಮುಗಳಲ್ಲಿ 26.4, 26.6, 26.8, 27.0 ಅಂತ 0.2 ಲೆಕ್ಕದಲ್ಲಿ ಸೈಜ್ ಇರತ್ತೆ. ವರ್ನಿಯರ್ ಕ್ಯಾಲಿಪರಲ್ಲಿ ಹಳೇ ಪೋಸ್ಟಿನ ಕೆಳತುದಿ, ಗೀರು ಬೀಳದೇ ಇರೋ ಜಾಗ, ಎರಡು ದಿಕ್ಕಲ್ಲಿ ಅಳೀರಿ. ಟ್ಯೂಬಿನ ಬಾಯಿ ಅಮುಕಿ ಹೋಗಿರತ್ತೆ, ಅಲ್ಲಿ ಅಳೆದ್ರೆ ಕಮ್ಮಿ ತೋರ್ಸತ್ತೆ. ಸರಿಯಾದ ಸೈಜ್ ಸಿಗ್ಲಿಲ್ಲ ಅಂದ್ರೆ ಒಂದು ಸೈಜ್ ಸಣ್ಣ ಪೋಸ್ಟ್ ತಗೊಂಡು ಮಧ್ಯೆ ಶಿಮ್ (ಸೀಳಿರೋ ತೆಳು ಲೋಹದ ಕೊಳವೆ) ಹಾಕಿ. ಶಿಮ್ಮಿನ ಸೀಳು ಫ್ರೇಮಿನ ಸೀಳಿಗೆ ನೇರವಾಗಿ ಬರ್ಬೇಕು, ಇಲ್ಲಾಂದ್ರೆ ಕ್ಲಾಂಪ್ ಬಿಗಿಯಲ್ಲ.

ಹಳೇಸ್ಟೀಲ್
ಅಳೆದೆ ಸಾರ್. 26.8.